ಖಾದರಬಾಷಾನ ಗುರುತು

ಜುಬೇರ ಎಷ್ಟು ಒತ್ತಿದರೂ ಅಪ್ಪನ ಬಲಗೈಯ ಮೂರು ಬೆರಳು ನೆಟ್ಟಗಾಗಲಿಲ್ಲ. ಶವಕ್ಕೆ ನೀರು ಹಾಕುವವರು ಕಾಯುತ್ತಿದ್ದರು. ಪರದೆಯಾಚೆ ಕುಳಿತಿದ್ದ ತಾಯಿ ಶಹರಬಾನುವಿಗೆ ಎಲ್ಲ ತಿಳಿದಿತ್ತು.

"ಬಿಡಪಾ. ಮುರದ ಕೈ ಅದು. ಹಂಗ ಹೋಗ್ಲಿ."

ಒಂದು ತಿಂಗಳಿಂದ ಅಪ್ಪ ಅವನೊಡನೆ ಮಾತಾಡಿರಲಿಲ್ಲ. ಮಾತಾಡದೆಯೇ ಸತ್ತ.

ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳಲ್ಲಿ ಅಪ್ಪ ಖಾದರಬಾಷಾನದು ಒಂದೇ ಕೆಲಸ: ಹಾಸುಗಲ್ಲನ್ನು ಸಣ್ಣ ಸುತ್ತಿಗೆಯಿಂದ ಬಡಿದು ಕೇಳುವುದು. ಠಣ್ ಎಂದರೆ ಸೀಮೆಸುಣ್ಣದಿಂದ ತನ್ನ ಗುರುತು ಹಾಕುತ್ತಿದ್ದ. ಬದ್ ಎಂದರೆ ಒಳಗೆ ಬಿರುಕು.

*

ಇಪ್ಪತ್ತು ವರ್ಷದ ಹಿಂದೆ ಕಾರ್ಖಾನೆಯ ಮಾಲೀಕ ರಾಜಕುಮಾರನ ಒತ್ತಾಯಕ್ಕೆ ಅವನು ಒಂದು ಬಿರುಕುಗಲ್ಲಿಗೂ ಗುರುತು ಹಾಕಿದ್ದ. ರಾಳದ ಅಂಟು ತುಂಬಿ ಪಾಲಿಶ್ ಹೊಡೆದರೆ ಬಿರುಕು ದೇವರಿಗೂ ಕಾಣುವುದಿಲ್ಲ. ಲಾರಿಯಿಂದ ಇಳಿಸುವಾಗ ಕಲ್ಲು ಎರಡಾಗಿ ಹಮಾಲ ಯಮನಪ್ಪನ ಕಾಲ ಮೇಲೆ ಬಿತ್ತು. ಮೊಣಕಾಲ ಕೆಳಗೆ ಉಳಿದದ್ದು ಮಾಂಸದ ಮುದ್ದೆ.

ಅಂದಿನಿಂದ ಖಾದರಬಾಷಾ ಬದ್ ಎಂದ ಕಲ್ಲನ್ನು ಗಿರಾಕಿಯ ಎದುರಿಗೇ ಸಮ್ಮಟಿಗೆಯಿಂದ ಒಡೆದು ಹಾಕತೊಡಗಿದ. ನಾಲ್ಕನೆಯದನ್ನು ಒಡೆದ ದಿನ ರಾಜಕುಮಾರ ಅವನ ಕೈಯನ್ನು ಅದೇ ಕಲ್ಲಿನ ಮೇಲೆ ಒತ್ತಿ ಹಿಡಿಸಿ, ಕಬ್ಬಿಣದ ಸರಳಿನಿಂದ ಹೊಡೆದ. ಮೂರು ಏಟು, ಮೂರು ಬೆರಳು. ಖಾದರಬಾಷಾ ಬೇರೆ ಕಾರ್ಖಾನೆಗೆ ಹೋಗಿ ಎಡಗೈಯಿಂದ ಬಡಿಯುವುದನ್ನು ಕಲಿತ.

ಅಂಥ ರಾಜಕುಮಾರನ ಹತ್ತಿರವೇ ಮಗ ಕೆಲಸಕ್ಕೆ ಸೇರಿದ. ಹೋದ ತಿಂಗಳು ಶಾಲೆಯೊಂದರ ಮೆಟ್ಟಿಲಿಗೆ ಹೋಗಬೇಕಾದ ರಾಳ ತುಂಬಿದ ಕಲ್ಲುಗಳಿಗೆ ಅಪ್ಪನ ಗುರುತನ್ನೇ ಹಾಕಿದ. ಥೂ, ಎಂಥ ಮಗ.

*

ಗೋರಿ ಮುಚ್ಚುವ ಕಲ್ಲನ್ನು ರಾಜಕುಮಾರನೇ ತಂದಿದ್ದ, ಕನ್ನಡಿಯಂತೆ ಹೊಳೆಯುವ ಕೆಂಪು ಗ್ರಾನೈಟ್. ಕಬರಸ್ತಾನದ ಹೊರಗೆ ಅವನ ಲಾರಿ ನಿಂತಿತ್ತು. ಶಾಲೆಯ ಕಲ್ಲುಗಳೂ ಅದರಲ್ಲೇ ಇದ್ದವು, ಇಲ್ಲಿಂದ ನೇರ ಬಾದಾಮಿಗೆ ಹೊರಟಿದ್ದವು. ಹಳೆಯದನ್ನೆಲ್ಲ ಮರೆಯೋಣ ಎಂದು ಅವನು ಜುಬೇರನ ಹೆಗಲು ತಟ್ಟಿದ.

ಗುಂಡಿಯ ಬದಿಗೆ ಅಪ್ಪನ ಶವ ಹೊತ್ತ ಜನಾಜಾ ಇಳಿಸಿದ್ದರು. ಜುಬೇರ ಕಾರ್ಖಾನೆಯ ರೂಢಿಯಂತೆ ಒಂದು ಹರಳುಗಲ್ಲು ಎತ್ತಿ ಹೊಳೆಯುವ ಕಲ್ಲನ್ನು ಬಡಿದ. ಬದ್.

ನೆರೆದವರಿಗೆಲ್ಲ ಕೇಳಿಸಿತು. ಇಳಕಲ್ಲಿನಲ್ಲಿ ಆ ಸದ್ದು ತಿಳಿಯದ ಕಿವಿ ಇಲ್ಲ.

"ಮಣ್ಣಾಗ ಹೋಗೂ ಕಲ್ಲಲೇ. ಯಾರು ನೋಡ್ತಾರ?" ಎಂದ ರಾಜಕುಮಾರ.

ಊರುಗೋಲಿನ ಮೇಲೆ ನಿಂತಿದ್ದ ಯಮನಪ್ಪ, ಗುಂಡಿ ತೋಡಿದವರ ಸಮ್ಮಟಿಗೆಯನ್ನು ಜುಬೇರನ ಕಡೆ ನೂಕಿದ. ಜುಬೇರ ಅದನ್ನು ರಾಜಕುಮಾರನ ತಲೆಯ ಮಟ್ಟಕ್ಕೆ ಎತ್ತಿದ. ಜನ ಹಿಂದೆ ಸರಿದರು. ಏಟು ಎಲ್ಲಿ ಬೀಳುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಕಲ್ಲಿನ ಮೇಲೆ ಬಿತ್ತು. ಚೂರು ಹಾರಿ ರಾಜಕುಮಾರನ ಹಣೆ ಸೀಳಿತು. ಒಡೆದ ಅಂಚಿನಲ್ಲಿ ಹಳದಿ ರಾಳ ಎದ್ದು ಕಂಡಿತು.

ಖಾದರಬಾಷಾನನ್ನು ಪಾಲಿಶ್ ಕಾಣದ ಒರಟು ಚಪ್ಪಡಿಗಳಿಂದ ಮುಚ್ಚಿದರು. ಒಂದೊಂದನ್ನೂ ಜುಬೇರ ಬಡಿದು ಕೇಳಿದ. ಮೂರು ಹಿಡಿ ಮಣ್ಣು ಹಾಕಿ, ಕೈಯನ್ನೂ ಕೊಡವದೆ ಸಮ್ಮಟಿಗೆಯನ್ನು ಹೆಗಲಿಗಿಟ್ಟುಕೊಂಡು ಹೊರಗೆ ನಡೆದ.

"ಲಾರಿ ಬಾಗಲಾ ತಗೀರಿ, ಮಾಲಕರ. ನಾ ಹಾಕಿದ ಗುರತು, ನಾನ ಒಡೀತೇನಿ."

ರಾಜಕುಮಾರ ಲಾರಿಗೆ ಬೆನ್ನು ಹಚ್ಚಿ ನಿಂತಿದ್ದ. ಹಣೆಯ ರಕ್ತ ಕಣ್ಣಿಗಿಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಸಮ್ಮಟಿಗೆಯನ್ನೇ ನೋಡುತ್ತ ಬಲಗೈಯ ಬೆರಳುಗಳನ್ನು ಜೇಬಿನೊಳಗೆ ಅಡಗಿಸಿಕೊಂಡಿದ್ದ.