ಕಾಡಿಗೆ ಹತ್ತದ ಜೋಳ

ನಾಲ್ಕನೆಯ ತೆನೆಗೆ ಕಟ್ಟಿದ ಕಾಗದದ ಚೀಲ ಬಿಚ್ಚಿದಾಗಲೂ ಒಳಗಿಂದ ಕರಿಯ ಪುಡಿಯೇ ಉದುರಿತು. ಮಲಕಪ್ಪ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದ. ಜೋಳದ ಕಾಳು ಇರಬೇಕಾದಲ್ಲೆಲ್ಲ ಕಾಳಿನಂಥವೇ ಬೂದು ಗುಳ್ಳೆಗಳು. ಉಗುರು ತಗಲಿದರೆ ಸಾಕು, ಒಡೆದು ಮಸಿಯಾಗುತ್ತಿದ್ದವು. ಕಾಡಿಗೆ ರೋಗ. ಐದನೆಯ ತೆನೆ ಚೆನ್ನಾಗಿತ್ತು. ಆರನೆಯದು ಮತ್ತೆ ಕರಿ.

"ಆ ಕಡೀ ಸಾಲು ನೋಡೂಣ್ರಿ. ಅಲ್ಲಿ ಹಿಂಗ ಇರಲಿಕ್ಕಿಲ್ಲ," ಎಂದಳು ಅವನ ಹೆಂಡತಿ ನಾಗವ್ವ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಚ್ಚಿದ ಚೀಲಗಳನ್ನು ಮಡಚಿ ಬುಟ್ಟಿಗೆ ಹಾಕುತ್ತಿದ್ದಳು. ಗಂಡನ ಮುಖ ನೋಡುತ್ತಿರಲಿಲ್ಲ.

ಆ ಕಡೆಯ ಸಾಲೂ ಹಾಗೆಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಹೊಲದ ಅರ್ಧಕ್ಕರ್ಧ ಕಾಡಿಗೆ ತಿಂದಿದೆ ಎಂಬುದು ಖಾತ್ರಿಯಾಯಿತು. ಮಲಕಪ್ಪ ಬದುವಿನ ಮೇಲೆ ಕುಳಿತುಬಿಟ್ಟ.

ಸಾಸವಡದ ಹೊರಗಿನ ಆ ತುಂಡು ಹೊಲ ಅವನದಲ್ಲ. ಪುಣೆಯ ಕಾಲೇಜಿನ ಪ್ರೊಫೆಸರ್ ಸಾಹೇಬರು ಪರಿಚಯದ ರೈತನೊಬ್ಬನಿಗೆ ಹೇಳಿ ಕೊಡಿಸಿದ್ದು. ಅದೇ ಕಾಲೇಜಿನಲ್ಲಿ ಮಲಕಪ್ಪ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಹಗಲೆಲ್ಲ ಹುಡುಗರಿಗೆ ಸೂಕ್ಷ್ಮದರ್ಶಕದ ಕೆಳಗೆ ಎಲೆ, ಬೇರು ತೋರಿಸುವುದು. ಉಳಿದ ಹೊತ್ತಿನಲ್ಲಿ ಪಿಎಚ್.ಡಿ. ಪ್ರಬಂಧ. ಎರಡನೆಯ ಮಹಾಯುದ್ಧ ಶುರುವಾಗಿ ಇಬ್ಬರು ಜೊತೆಗಾರರು ಸೈನ್ಯದ ಕೆಲಸಕ್ಕೆ ಹೋದ ಮೇಲೆ ಅವರ ತರಗತಿಗಳೂ ಇವನ ಕೊರಳಿಗೇ ಬಿದ್ದಿದ್ದವು. ರವಿವಾರ ಬಂದರೆ ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದ ಬಸ್ಸು ಹತ್ತಿ ದಿವೆ ಘಾಟ ದಾಟಿ ಸಾಸವಡಕ್ಕೆ. ಮೊದಲ ವರ್ಷ ಒಬ್ಬನೇ ಬರುತ್ತಿದ್ದ. ಎರಡನೆಯ ವರ್ಷದಿಂದ ನಾಗವ್ವನೂ ಬರತೊಡಗಿದಳು. ಪರಾಗ ಬೆರೆಯದಂತೆ ತೆನೆಗೆ ಚೀಲ ಕಟ್ಟುವುದರಲ್ಲಿ ಅವಳ ಕೈ ಅವನಿಗಿಂತ ಚುರುಕು.

ಅವನು ಇಂಡಿ ಕಡೆಯವನು. ಹೊಲದಲ್ಲಿ ಕಾಡಿಗೆ ಬಿದ್ದ ವರ್ಷ ಮನೆಯಲ್ಲಿ ಹೇಗಿರುತ್ತದೆ ಎಂಬುದನ್ನು ಉಂಡು ಬೆಳೆದವನು. ಬೀಜಕ್ಕೆ ಗಂಧಕದ ಪುಡಿ ಬಳಿದರೆ ರೋಗ ನಿಲ್ಲುತ್ತಿತ್ತು. ಯುದ್ಧದಲ್ಲಿ ಗಂಧಕ ಮದ್ದುಗುಂಡಿಗೆ ಹೋಗಿ ರೈತನಿಗೆ ಸಿಗದಂತಾಗಿತ್ತು. ರೋಗ ಹತ್ತದ ಒಂದು ಒರಟು ಜೋಳಕ್ಕೂ ತನ್ನೂರಿನ ಬಿಳಿ ಜೋಳಕ್ಕೂ ಸಂಕರ ಮಾಡಿ, ಆರಿಸಿ, ಮತ್ತೆ ಬಿತ್ತಿ, ಮಲಕಪ್ಪ ಒಂದು ತಳಿಯನ್ನು ತಂದು ನಿಲ್ಲಿಸಿದ್ದ. ರೋಗ ಹತ್ತುವುದೋ ನೋಡಲು ಬಿತ್ತುವ ಮೊದಲು ಬೀಜಕ್ಕೆ ಬೇಕೆಂದೇ ಕಾಡಿಗೆ ಪುಡಿ ತಿಕ್ಕುತ್ತಿದ್ದ. ಹೋದ ವರ್ಷ ಒಂದೇ ಒಂದು ತೆನೆ ಕರಿಯಾಗಿರಲಿಲ್ಲ. ಈ ವರ್ಷವೂ ಹಾಗೆಯೇ ಬಂದರೆ ಕೊನೆಯ ಅಧ್ಯಾಯ ಬರೆದು ಒಪ್ಪಿಸುವುದಷ್ಟೇ ಉಳಿದಿತ್ತು. ಕಾಲೇಜಿನಲ್ಲಿ ಕಾದಿಟ್ಟ ಬೀಜಕ್ಕೆ ಮಳೆಗಾಲದಲ್ಲಿ ಹುಳ ಬಿದ್ದಿತ್ತು. ಮನೆಯಲ್ಲಿದ್ದ ಡಬ್ಬಿಯ ಬೀಜವನ್ನೇ ಪೂರ್ತಿ ಬಿತ್ತಿದ್ದ.

"ಎಲಿ ಈ ಸಲ ಅಗಲ ಅವ ಅಂತ ನಾ ದೀಪಾವಳಿ ಮುಂದ ಅಂದಿದ್ದೆ, ನೆನಪದ ಏನ?" ಎಂದ ಮಲಕಪ್ಪ. "ಆಗಽ ಅನುಮಾನ ಬರಬೇಕಿತ್ತು. ತಳಿ ಇನ್ನೂ ನಿಂತಿಲ್ಲ. ಹೋದ ವರ್ಷದ್ದು ಬರೇ ಅದೃಷ್ಟ."

"ಮಳಿ ಹೆಚ್ಚು ಕಡಿಮಿ ಆತಲ್ರಿ," ಎಂದಳು ನಾಗವ್ವ. "ಏಳ್ರಿ, ಒಂದ ರೊಟ್ಟಿ ತಿನ್ರಿ."

ಅವನು ತಿನ್ನಲಿಲ್ಲ.

ಪ್ರೊಫೆಸರ್ ಸಾಹೇಬರು ಸಿಟ್ಟಿನವರಲ್ಲ. ಮಲಕಪ್ಪ ಮುಂದಿಟ್ಟ ಅಂಕಿಗಳನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಪ್ರಾಮಾಣಿಕರು. ಬೇರೆಯವರಾಗಿದ್ದರೆ ಈ ವರ್ಷದ ಬೆಳೆ ಮಳೆಗೆ ಹೋಯಿತು ಎಂದು ಹೇಳಿ ಹೋದ ವರ್ಷದ್ದನ್ನೇ ಒಪ್ಪಿಸುತ್ತಿದ್ದರು," ಎಂದರು. ಆಮೇಲೆ, ಈ ವಿಷಯ ಇಲ್ಲಿಗೆ ಬಿಡುವುದು ಒಳ್ಳೆಯದು, ನೋಂದಣಿ ಹಿಂದೆ ತೆಗೆದುಕೊಂಡರೆ ಆ ಜಾಗಕ್ಕೆ ಮತ್ತೊಬ್ಬ ಹುಡುಗ ಕಾದಿದ್ದಾನೆ ಎಂದರು. ಮಲಕಪ್ಪ ಅಲ್ಲೇ ನಿಂತು ಅರ್ಜಿ ಬರೆದುಕೊಟ್ಟ.

ಅದಾದ ಮೇಲೆ ಅವನಿಗೆ ನಿದ್ದೆ ಹತ್ತದಾಯಿತು. ತರಗತಿಯಲ್ಲಿ ಒಂದು ಮಾತು ಹೇಳುತ್ತ ನಡುವೆಯೇ ನಿಂತುಬಿಡುತ್ತಿದ್ದ. ಎಲ್ಲಿ ತಪ್ಪಿದೆ, ಯಾವ ಗಿಡವನ್ನು ಆರಿಸುವಾಗ ಕಣ್ಣು ಮೋಸ ಮಾಡಿತು ಎಂದು ಹಳೆಯ ವರ್ಷಗಳನ್ನೆಲ್ಲ ತಲೆಯಲ್ಲೇ ಕೆದಕುತ್ತಿದ್ದ. ಸಂಜೆ ನಾಗವ್ವ ಅವನನ್ನು ಕೂಡಿಸಿ ನೆತ್ತಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

"ನಿಮ್ಮ ತಪ್ಪೇನದರಿ ಇದರಾಗ? ಯಾಕ ಹಿಂಗ ಮನಸಿಗೆ ಹಚ್ಚಿಕೋತೀರಿ?" ಎನ್ನುವಳು.

"ನಂದಲ್ದ ಮತ್ತ ಯಾರದು?" ಎನ್ನುವನು. ಅವಳ ಬೆರಳುಗಳು ಒಂದು ಗಳಿಗೆ ನಿಂತು ಮತ್ತೆ ಆಡತೊಡಗುತ್ತಿದ್ದವು. ಇಡೀ ಪುಣೆಯಲ್ಲಿ ತನ್ನ ಸೋಲನ್ನು ತನ್ನಷ್ಟೇ ಹೊತ್ತುಕೊಂಡವಳು ಇವಳೊಬ್ಬಳೇ ಎಂದು ಅವನಿಗೆ ಆಗ ಎಷ್ಟೋ ಸಲ ಅನ್ನಿಸಿತು.

ಯುಗಾದಿ ಹತ್ತಿರ ಬಂದಾಗ ನಾಗವ್ವನ ತಮ್ಮ ಗೂಳಪ್ಪ ಇಂಡಿಯಿಂದ ಬಂದ. ಹಾಸಿಗೆಯ ಸುರುಳಿ ಬಿಚ್ಚಿ, ಅದರ ನಡುವೆ ಅಡಗಿಸಿದ್ದ ಸಣ್ಣ ಗಂಟನ್ನು ಹೊರತೆಗೆದ. ಕಾಳನ್ನು ಜಿಲ್ಲೆಯಿಂದ ಜಿಲ್ಲೆಗೆ ಒಯ್ಯದಂತೆ ಸರಕಾರದ ನಿರ್ಬಂಧ ಇದ್ದ ಕಾಲ. "ಸ್ಟೇಶನ್‌ದಾಗ ಪೊಲೀಸ ಹಾಸಿಗೀ ಮ್ಯಾಲ ಕೈ ಆಡಿಸಿದ. ನನ್ನ ಜೀವ ಬಾಯಿಗೆ ಬಂದಿತ್ತು ನೋಡಕ್ಕ," ಎಂದು ನಕ್ಕ. ಹೊಸ ಜೋಳ. ರೇಶನ್ನಿನ ಮುಗ್ಗಲು ಕೆಂಪು ಜೋಳ ತಿಂದು ಬೇಸತ್ತಿದ್ದ ಮನೆ. ನಾಗವ್ವ ಆ ಗಂಟನ್ನು ಕೈಗೆತ್ತಿಕೊಳ್ಳಲು ಸ್ವಲ್ಪ ಅನುಮಾನಿಸಿದಂತೆ ಕಂಡಿತು. ಗೂಳಪ್ಪನೇ ಬೀಸುಕಲ್ಲಿನ ಹತ್ತಿರ ಇಟ್ಟ.

ಊಟಕ್ಕೆ ಕುಳಿತಾಗ ಬಿಸಿ ರೊಟ್ಟಿಯ ವಾಸನೆ ಮನೆ ತುಂಬಿತ್ತು. ಎಷ್ಟೋ ದಿನಗಳ ಮೇಲೆ ಮಲಕಪ್ಪನಿಗೆ ಹಸಿವಾಗಿತ್ತು. ಒಂದು ರೊಟ್ಟಿ ಮುಗಿಸಿ ಎರಡನೆಯದನ್ನು ಮುರಿದ.

"ಹೆಂಗದರಿ ಮಾವಾರ?" ಎಂದ ಗೂಳಪ್ಪ.

"ಭಾಳ ರುಚಿ ಅದಪಾ. ಬೆಳಿ ಹೆಂಗ ಬಂತು?"

"ಅದನ್ನಽ ಹೇಳಬೇಕಂತ ಬಂದೀನಿ. ಊರಾಗ ಎಲ್ಲಾರ ಹೊಲಾನೂ ಕಾಡಿಗಿ. ನನ್ನ ಹೊಲದಾಗ ಒಂದ ತೆನಿ ಕರಿ ಇಲ್ಲ, ದೇವರಾಣಿ! ಒಂದ ಸಾಲಿಗೆ ನೀವು ಮಾಡೂ ಹಂಗ ಬೀಜಕ್ಕ ಕಾಡಿಗಿ ತಿಕ್ಕಿ ಬಿತ್ತಿದ್ನಿ, ನೋಡೂಣು ಅಂತ. ಅದಕ್ಕೂ ಹತ್ತಲಿಲ್ಲ. ಮಂದಿ ಬಂದ ಬಂದ ನೋಡಿ ಹೋದ್ರು. ನಮ್ಮ ಮಾವಾರ ಬೀಜ ಇದು ಅಂತ ಎದಿ ಉಬ್ಬಿಸಿ ಹೇಳಿದ್ನಿ."

ಮಲಕಪ್ಪನ ಬಾಯಿಯಲ್ಲಿ ತುತ್ತು ಹಾಗೇ ನಿಂತಿತು. "ಯಾವ ಬೀಜ?"

"ನೀವು ಕೊಟ್ಟದ್ದರಿ. ಆ ಡಬ್ಬೀದು. ಬಿತ್ತೂ ಮುಂಚೆ ಬಂದಿದ್ನಲ್ಲ, ನೀವು ಕಾಲೇಜಕ್ಕ ಹೋಗಿದ್ರಿ. ಒಯ್ಯಿ ಅಂತ ನೀವು ಹೇಳೀರಿ ಅಂತ ಅಕ್ಕನಽ ಕೊಟ್ಳು."

ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಮಲಕಪ್ಪ ತಿರುಗಿ ನೋಡಿದ. ನಾಗವ್ವ ಹಿಟ್ಟಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬೆಂಕಿಯನ್ನು ನೋಡುತ್ತ ಕುಳಿತಿದ್ದಳು. ಅವನು ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿದ. ತಾನು ಇಷ್ಟು ಹೊತ್ತು ಏನು ತಿಂದೆ ಎಂಬುದು ಆಗ ಹೊಳೆಯಿತು.

"ಚಲೋ ಆತು," ಎಂದ ಗೂಳಪ್ಪನಿಗೆ. "ನೀ ಊಟಾ ಮಾಡು."

ಗೂಳಪ್ಪ ಪೇಟೆ ನೋಡಲು ಹೋದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದರು. ಮಲಕಪ್ಪ ಬಾಗಿಲು ಮುಂದೆ ಮಾಡಿದ.

"ಡಬ್ಬಿಯೊಳಗ ಏನ ತುಂಬಿದ್ದಿ?"

"ಪ್ಯಾಟೀ ಜೋಳ." ಧ್ವನಿ ಕೇಳಿಸದಷ್ಟು ಸಣ್ಣದಾಗಿತ್ತು. "ಅರ್ಧಾ ಕೊಡಬೇಕಂದಿದ್ನಿ. ಅವ ಕೈ ಮುಗದ. ಹೋದ ವರ್ಷ ಬೆಳಿ ಪೂರಾ ಹೋಗಿ ಮಕ್ಕಳು ಅಂಬಲಿ ಕುಡದು ಮಲಗ್ತಾವ ಅಂದ. ಕೊಟ್ಟಬಿಟ್ಟೆ. ಡಬ್ಬಿ ಖಾಲಿ ಕಂಡ್ರ ನೀವು..."

"ಕೇಳಿದ್ರ ನಾನಽ ಕೊಡ್ತಿದ್ದೆ."

ನಾಗವ್ವ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. "ಕೊಡ್ತಿದ್ದಿಲ್ರಿ. ಅದರ ಹಿಂದಿನ ವರ್ಷ ಬರೇ ಒಂದ ಮುಟಿಗಿ ಕೇಳಿದ್ದ. ಪ್ರಬಂಧ ಮುಗೀಲಿ, ಚೀಲಗಟ್ಲೆ ಕೊಡ್ತೀನಿ ಅಂದಿದ್ರಿ."

ಅದು ನಿಜವಾಗಿತ್ತು. ಮಲಕಪ್ಪನಿಗೆ ಬೀಜ ಹೋದದ್ದು, ಡಿಗ್ರಿ ಹೋದದ್ದು ಕೂಡ ಈಗ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಬೇರೊಂದು ಒಳಗೆ ಚುಚ್ಚುತ್ತಿತ್ತು.

"ಆ ಪ್ಯಾಟೀ ಜೋಳದ ತೆನೀಗೆ ನನ್ನ ಸಂಗಾಟ ನಿಂತು ಚೀಲಾ ಕಟ್ಟಿದಿ. ಬಿಸಲಾಗ. ಒಂದೊಂದಕ್ಕ ದಾರಾ ಸುತ್ತಿ."

"ಹೂನ್ರಿ."

"ಎಲಿ ಅಗಲ ಅವ ಅಂದ್ರ ಮಳಿ ಅಂದಿ."

"ದಿನಾ ಹೇಳಬೇಕಂತ ಅನಕೋತಿದ್ದೆ. ಬಾಯಿ ಬರಲಿಲ್ಲ. ಎಲ್ಲಾ ಕಾಡಿಗಿ ಆಗಲಿಕ್ಕಿಲ್ಲ, ದೇವರು ಹೆಂಗರೆ ಮಾಡಿ ಪಾರ ಮಾಡ್ತಾನ ಅನಕೊಂಡೆ."

"ಆದ ಮ್ಯಾಲರೆ ಹೇಳಬೇಕಿತ್ತಲ್ಲ? ಅರ್ಜಿ ಬರದ ಕೊಡೂಕಿಂತ ಮುಂಚೆ?"

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

"ನನಗ ಎಣ್ಣಿ ಹಚ್ಚಕೋತ, ನಿಮ್ಮ ತಪ್ಪೇನದ ಅಂತ ಕೇಳತಿದ್ದಿ," ಎಂದ ಮಲಕಪ್ಪ. ಧ್ವನಿ ಏರಲಿಲ್ಲ. "ನಾ ಸಮಾಧಾನದ ಮಾತು ಅಂತ ತಿಳದಿದ್ದೆ. ನನ್ನ ತಪ್ಪಿಲ್ಲ ಅಂತ ನಿನಗ ಖರೇನ ಗೊತ್ತಿತ್ತು."

ಮರುದಿನ ಗೂಳಪ್ಪನನ್ನು ಸ್ಟೇಶನ್ನಿಗೆ ಬಿಟ್ಟುಬರಲು ಅವನೇ ಹೋದ. ಸೋಲಾಪುರದ ಗಾಡಿಯ ಕಿಟಕಿಯಿಂದ ಗೂಳಪ್ಪ, "ನಿಮ್ಮ ಪರೀಕ್ಷಾ ಎಂದ ಮುಗೀತದರಿ ಮಾವಾರ? ಡಾಕ್ಟರ್ ಆದ ಮ್ಯಾಲ ಊರಿಗೆ ಬರಬೇಕು, ಮೆರವಣಿಗಿ ತೆಗಿತೀವಿ," ಎಂದ. ಅವನ ಮುಖದಲ್ಲಿ ಕಪಟವಿರಲಿಲ್ಲ. "ನೋಡೂಣು," ಎಂದ ಮಲಕಪ್ಪ. ಗಾಡಿ ಹೋದ ಮೇಲೆ ನೆಟ್ಟಗೆ ಕಾಲೇಜಿಗೆ ನಡೆದು ಪ್ರೊಫೆಸರ್ ಸಾಹೇಬರ ಕೋಣೆಯ ಬಾಗಿಲು ತಟ್ಟಿದ.

ಅವರು ಎಲ್ಲವನ್ನೂ ಕೇಳಿದರು. "ಬೀಜ ಬದಲಾಗಿತ್ತು ಎನ್ನುತ್ತೀರಿ. ಯಾರು ಬದಲಾಯಿಸಿದರು?"

ಹೇಳಬೇಕೆಂದೇ ಬಂದಿದ್ದ. ದಾರಿಯುದ್ದಕ್ಕೂ ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡಿದ್ದ. ಬಾಯಿಂದ ಬಂದದ್ದು ಬೇರೆ. "ಮನೆಯಲ್ಲಿ... ಕಲಬೆರಕೆಯಾಯಿತು ಸರ್. ನಾನು ನೋಡಿಕೊಳ್ಳಬೇಕಿತ್ತು."

"ಮಲಕಪ್ಪ, ಈ ವರ್ಷ ನಿಮಗೆ ತಿಳಿಯದೆ ಬೀಜ ಬದಲಾಗಬಹುದಾದರೆ ಹೋದ ವರ್ಷ ಬದಲಾಗಿರಲಿಲ್ಲ ಎಂದು ನಾನು ಹೇಗೆ ನಂಬಲಿ? ಪರೀಕ್ಷಕರು ಹೇಗೆ ನಂಬಬೇಕು?" ಸಾಹೇಬರು ಒಂದು ಪೆನ್ಸಿಲನ್ನು ಎತ್ತಿ ಮತ್ತೆ ಇಟ್ಟರು. "ಎಲ್ಲೋ ಒಬ್ಬ ರೈತ ಬಯಲಲ್ಲಿ ಬೆಳೆದದ್ದು ಸಾಕ್ಷಿಯಾಗುವುದಿಲ್ಲ. ಮೊದಲಿನಿಂದ ಮಾಡಬೇಕು. ಆದರೆ ನಿಮ್ಮ ಜಾಗ ಕೊಟ್ಟಾಗಿದೆ. ಮೂರು ವಾರ ಮೊದಲು ಬಂದಿದ್ದರೆ..."

"ಹೌದು ಸರ್."

"ಜೋಳ ಮಾತ್ರ ಚೆನ್ನಾಗಿರಬೇಕು," ಎಂದರು ಅವರು, ಏನಾದರೂ ಒಳ್ಳೆಯದು ಹೇಳಬೇಕೆಂದು.

"ರುಚಿಯಾಗಿದೆ ಸರ್," ಎಂದು ಮಲಕಪ್ಪ ಹೊರಗೆ ಬಂದ. ಆ ಹೊತ್ತಿಗೆ ಎರಡನೆಯ ಗಂಟೆ ಹೊಡೆದಿತ್ತು. ಹುಡುಗರು ಪ್ರಯೋಗಶಾಲೆಯ ಬಾಗಿಲಲ್ಲಿ ಕಾಯುತ್ತಿದ್ದರು. ಒಳಗೆ ಹೋಗಿ, ಈರುಳ್ಳಿಯ ಬೇರಿನ ತುದಿಯನ್ನು ತೆಳ್ಳಗೆ ಕತ್ತರಿಸುವುದು ಹೇಗೆಂದು ತೋರಿಸಿದ.

ಆ ವಾರ ಮನೆಯಲ್ಲಿ ಜಗಳವಾಗಲಿಲ್ಲ. ಬೇಕಾದಷ್ಟು ಮಾತು ಆಡಿದರು: ನೀರು ಬಂತೇ, ರೇಶನ್ ಅಂಗಡಿ ತೆರೆದಿದೆಯೇ. ಸಂಜೆ ನಾಗವ್ವ ಎಣ್ಣೆಯ ಬಟ್ಟಲು ಹಿಡಿದು ಬಂದರೆ, "ಬ್ಯಾಡ," ಎಂದು ಎದ್ದುಹೋಗುತ್ತಿದ್ದ. ಎರಡು ಸಲ ಹಾಗಾದ ಮೇಲೆ ಅವಳು ಬಟ್ಟಲು ತರುವುದನ್ನು ಬಿಟ್ಟಳು.

ರವಿವಾರ ಸಾಸವಡದ ಹೊಲವನ್ನು ಒಡೆಯನಿಗೆ ಒಪ್ಪಿಸಿ ಬರಬೇಕಿತ್ತು. ರೋಗದ ದಂಟನ್ನೆಲ್ಲ ಕಿತ್ತು ಸುಟ್ಟುಕೊಡುತ್ತೇನೆಂದು ಮಲಕಪ್ಪ ಮೊದಲೇ ಮಾತು ಕೊಟ್ಟಿದ್ದ. ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟಿ ಹೊರಟಾಗ ನಾಗವ್ವ ಆಗಲೇ ಸೀರೆ ಬದಲಿಸಿ ನಿಂತಿದ್ದಳು. ಕೈಯಲ್ಲಿ ಕುಡುಗೋಲು, ಬುತ್ತಿಯ ಗಂಟು. ಬಾ ಎಂದೂ ಅವನು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅವನ ಹಿಂದೆ ನಾಲ್ಕು ಮಾರು ಬಿಟ್ಟು ಬಸ್ಸಿನವರೆಗೂ ನಡೆದು ಬಂದಳು.

ಬಸ್ಸಿನಲ್ಲಿ ಅವನು ಹಿಂದಿನ ಸಾಲಿನ ಕಿಟಕಿಯ ಪಕ್ಕ ಕುಳಿತ. ಪಕ್ಕದ ಜಾಗ ಖಾಲಿ ಇತ್ತು. ನಾಗವ್ವ ಅದನ್ನು ನೋಡಿದಳು. ಮುಂದಿನ ಹೆಂಗಸರ ಸಾಲಿಗೆ ಹೋಗಿ ಒಬ್ಬ ಮುದುಕಿಯ ಪಕ್ಕ ಕುಳಿತಳು.

ಕಂಡಕ್ಟರ್ ಹಿಂದಿನಿಂದ ಶುರುಮಾಡಿದ. ಇವರಿಬ್ಬರನ್ನೂ ಎರಡು ವರ್ಷದಿಂದ ಕಂಡವನು. ಕೇಳುವ ಮೊದಲೇ ಎರಡು ಟಿಕೀಟು ಹರಿಯಲು ಬೆರಳು ಹಾಕಿದ.

"ಸಾಸವಡ, ದೋನ?"

"ಏಕ," ಎಂದ ಮಲಕಪ್ಪ.

ಕಂಡಕ್ಟರ್ ಒಮ್ಮೆ ಅವನನ್ನು, ಒಮ್ಮೆ ಮುಂದಿನ ಸಾಲನ್ನು ನೋಡಿ ಒಂದೇ ಟಿಕೀಟು ಹರಿದುಕೊಟ್ಟ. ಆಮೇಲೆ ಸಾಲು ಸಾಲಾಗಿ ಮುಂದೆ ಸರಿಯುತ್ತ ನಾಗವ್ವನ ಹತ್ತಿರ ಬಂದು ನಿಂತ. ಅವಳು ಬುತ್ತಿಯ ಗಂಟನ್ನು ಮುದುಕಿಯ ಕೈಗೆ ಕೊಟ್ಟು, ಸೆರಗಿನ ತುದಿಯಲ್ಲಿ ಚಿಲ್ಲರೆ ಕಟ್ಟಿಕೊಂಡಿದ್ದ ಗಂಟನ್ನು ಹಲ್ಲಿನಿಂದ ಕಚ್ಚಿ ಸಡಿಲಿಸತೊಡಗಿದಳು. ಗಂಟು ಬಿಗಿಯಾಗಿತ್ತು. ಕಂಡಕ್ಟರ್ ಕಾಯುತ್ತ ನಿಂತ. ಬಸ್ಸು ಅಲುಗಾಡಿ ಹೊರಟಿತು.