ಬ್ಯಾಟರಿ ಹೊಸದು ಅಂದವನು

ಬಾಡಿಗೆ ಕಾರು ಓಡಿಸುವ ತಮ್ಮ ಒಂದು ಮಧ್ಯಾಹ್ನ ಅಕ್ಕನ ಮನೆ ಮುಂದೆ ಕಾರು ನಿಲ್ಲಿಸಿದ. ಅಕ್ಕ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಕಾರಿನ ಕಿಟಕಿಯಲ್ಲಿ ಬಗ್ಗಿ ನೋಡಿದವಳೇ, "ಏನೋ ಇದು, ಇಂಜಿನ್ ಓಡ್ತಿದ್ರೂ ಸ್ಟೀರಿಂಗ್ ಮುಂದೆ ಬ್ಯಾಟರಿ ದೀಪ ಕೆಂಪಗೆ ಉರೀತಿದೆ?" ಅಂದಳು.

"ನಿನ್ನೆಯಿಂದ ಹತ್ತಿ ಆರಿ ಮಾಡ್ತಿದೆ ಕಣಕ್ಕ. ಬ್ಯಾಟರಿ ಹೊಸದು, ತಲೆ ಕೆಡಿಸ್ಕೋಬೇಡ."

"ಹೊಸದಾದ್ರೇನು? ಬ್ಯಾಟರಿ ಕರೆಂಟನ್ನ ಕೂಡಿಟ್ಕೊಳ್ಳುತ್ತೆ ಅಷ್ಟೆ. ಇಂಜಿನ್ ಬೆಲ್ಟನ್ನ ತಿರುಗಿಸುತ್ತೆ, ಬೆಲ್ಟು ಆಲ್ಟರ್ನೇಟರನ್ನ ತಿರುಗಿಸುತ್ತೆ. ಕರೆಂಟ್ ಹುಟ್ಟೋದು ಅಲ್ಲಿ. ದೀಪ, ವೈಪರ್, ಇಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡೋ ಪಂಪು ಎಲ್ಲಾ ನಡೆಯೋದು ಅದರಿಂದ್ಲೇ. ಬ್ಯಾಟರಿ ತುಂಬೋದೂ ಅದರಿಂದ್ಲೇ. ಅದು ಕೈಕೊಟ್ರೆ ಎಲ್ಲಾ ಸೇರಿ ಬ್ಯಾಟರಿನ ಹೀರಿಬಿಡುತ್ತೆ. ಟ್ಯಾಂಕಿಗೆ ನೀರು ಹತ್ತೋದು ನಿಂತ್ರೆ ನಲ್ಲಿ ಎಷ್ಟು ಹೊತ್ತು ಬಂದೀತು?"

"ಶುರುವಾಯ್ತು ನಿನ್ನ ಪಾಠ," ಅಂತ ತಮ್ಮ ನಕ್ಕ. "ಭಾನುವಾರ ತೋರಿಸ್ತೀನಿ ಬಿಡು."

ಶನಿವಾರ ಬೆಳಗ್ಗೆ ತಮ್ಮನ ಮನೆಯಲ್ಲಿ ಅಮ್ಮನಿಗೆ ಎದೆನೋವು ಬಂತು. "ಆಂಬುಲೆನ್ಸ್ ಕರೆಸೋಣ ರೀ," ಅಂದಳು ಹೆಂಡತಿ.

"ಮನೇಲಿ ಕಾರಿರೋದು ಯಾಕೆ?"

ಹಿಂದಿನ ಸೀಟಿನಲ್ಲಿ ಹೆಂಡತಿಯ ತೊಡೆ ಮೇಲೆ ಅಮ್ಮನನ್ನು ಮಲಗಿಸಿ ಹೊರಟ. ಜೋರು ಮಳೆ. ದೀಪ, ವೈಪರ್, ಫ್ಯಾನು ಎಲ್ಲಾ ಹಾಕಿದ್ದ. ಸೇತುವೆ ಹತ್ತುವಾಗ ವೈಪರ್ ತೂಕಡಿಸಿತು. ದೀಪ ಮಂಕಾಯಿತು. ಇಂಜಿನ್ ಮುಗ್ಗರಿಸಿ ನಿಂತೇಹೋಯಿತು. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಅನ್ನುವ ಸದ್ದು, ಅಷ್ಟೇ.

"ಬಂತೇನೋ ಆಸ್ಪತ್ರೆ?" ಅಮ್ಮ ಕೇಳಿದಳು.

"ಬಂತಮ್ಮ," ಅಂದ.

ಮಳೆಯಲ್ಲಿ ಇಳಿದು ಹೋಗೋ ಬರೋ ಗಾಡಿಗಳಿಗೆಲ್ಲ ಕೈ ಮುಗಿದ. ಕೊನೆಗೊಂದು ಹಾಲಿನ ವ್ಯಾನು ನಿಂತಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಮ್ಮನ ಕೈ ತಣ್ಣಗಾಗಿತ್ತು. "ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೆ..." ಅಂದರು ಡಾಕ್ಟರು.

ಅಕ್ಕ ಬಂದು ಪಕ್ಕದಲ್ಲಿ ಕೂತಳು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ.

ಆಮೇಲೆ ಗ್ಯಾರೇಜಿನಲ್ಲಿ ನೋಡಿದರೆ, ಬೆಲ್ಟು ಸವೆದು ಜಾರುತ್ತಿತ್ತು. ಬದಲಾಯಿಸಲು ಒಂದು ಗಂಟೆಯೂ ಹಿಡಿಯಲಿಲ್ಲ. ಈಗ ಅವನ ಹೆಂಡತಿ ಬ್ಯಾಟರಿ ದೀಪ ಆರಿದ್ದನ್ನು ನೋಡಿಯೇ ಕಾರು ಹತ್ತುತ್ತಾಳೆ. ಅವನು ಆ ಸೇತುವೆಯ ದಾರಿಯನ್ನೇ ಬಿಟ್ಟಿದ್ದಾನೆ.

ಗಾಡಿ ಇರುವ ಅಣ್ಣಂದಿರೇ, ಅಕ್ಕಂದಿರೇ, ಕೀಲಿ ತಿರುಗಿಸಿದಾಗ ಬ್ಯಾಟರಿ ದೀಪ ಹತ್ತಬೇಕು, ಇಂಜಿನ್ ಶುರುವಾದ ಕೂಡಲೇ ಆರಬೇಕು. ಆರದಿದ್ದರೆ, ಇಲ್ಲವೇ ದಾರಿಯಲ್ಲಿ ಹತ್ತಿಕೊಂಡರೆ, ಅವತ್ತೇ ಬೆಲ್ಟನ್ನೂ ಆಲ್ಟರ್ನೇಟರನ್ನೂ ತೋರಿಸಿ. ಭಾನುವಾರಕ್ಕೆ ಕಾಯಬೇಡಿ. ನಿಮ್ಮ ಹಿಂದಿನ ಸೀಟಿನಲ್ಲಿ ಕೂತವರು ನಿಮ್ಮನ್ನು ನಂಬಿ ಕೂತಿರುತ್ತಾರೆ.