ಹತ್ತು ದಿನ, ಏಳು ಗಂಟೆ, ಹನ್ನೆರಡು ನಿಮಿಷ

"ನಿಮಿಷಪ್ಪಾ, ನಿಮ್ಮ ಪಟ್ಟಿಯಲ್ಲಿ ಬಸ್ಸು ತಾನೇ ಓಡುತ್ತೆ. ರಸ್ತೆ ಮೇಲೆ ನಾನು ಓಡಿಸ್ಬೇಕು," ಎನ್ನುತ್ತ ಚಾಲಕ ಕಿಟಕಿಯೊಳಗೆ ತಲೆ ತೂರಿಸಿದ. "ಕೊನೇ ಸ್ಟಾಪಿಗೆ ದಿನಾ ಆರು ನಿಮಿಷ ಲೇಟು. ಜನ ಬೈಯೋದು ನನಗೆ, ಮೆಮೋ ಬರೋದೂ ನನಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ."

ಬಸ್ ಡಿಪೋದಲ್ಲಿ ವೇಳಾಪಟ್ಟಿ ತಯಾರಿಸುವವನಿಗೆ ಆ ಅಡ್ಡಹೆಸರು ಅಂಟಿಕೊಂಡು ಹನ್ನೆರಡು ವರ್ಷವಾಗಿತ್ತು. ಅವನು ಬೇಸರಪಟ್ಟುಕೊಳ್ಳಲಿಲ್ಲ. "ನೋಡ್ತೀನಿ ಇರಿ," ಎಂದು ಕಂಪ್ಯೂಟರಿನಲ್ಲಿ ಆ ಮಾರ್ಗದ ಶೀಟ್ ತೆರೆದ.

ಹದಿನಾಲ್ಕು ನಿಲ್ದಾಣಗಳು. ಒಂದರಿಂದ ಇನ್ನೊಂದಕ್ಕೆ ತಗಲುವ ಹೊತ್ತನ್ನು ಅಳೆದು ತಂದಿದ್ದರು: ಮೂರು ಪಾಯಿಂಟ್ ಆರು, ನಾಲ್ಕು ಪಾಯಿಂಟ್ ನಾಲ್ಕು. ಪಟ್ಟಿಯಲ್ಲಿ ಪಾಯಿಂಟು ಚೆನ್ನಾಗಿ ಕಾಣುವುದಿಲ್ಲವೆಂದು ಅವನ ಸೂತ್ರ ಪ್ರತಿ ಸಾಲಿನಲ್ಲೂ ದಶಾಂಶವನ್ನು ಕತ್ತರಿಸಿ ಹಾಕುತ್ತಿತ್ತು. ಒಂದೊಂದು ಕಡೆ ಅರ್ಧ ನಿಮಿಷ ಹೋದರೆ ಯಾರಿಗೂ ತಿಳಿಯದು. ಕೊನೆಯಲ್ಲಿ ನಿಂತವನಿಗೆ ಅದು ಆರು ನಿಮಿಷ. ಅವನು ಸೂತ್ರ ಬದಲಿಸಿದ. ಮೊದಲು ಪೂರ್ತಿ ಕೂಡಬೇಕು, ಆಮೇಲೆ ಸರಿಹೊಂದಿಸಬೇಕು. ಉಳಿದ ಚೂರನ್ನು ಎಸೆಯದೆ ಮುಂದಿನ ಸಾಲಿಗೆ ದಾಟಿಸಬೇಕು.

"ಆಯ್ತು. ನಾಳೆಯಿಂದ ಸರಿ ಹೋಗುತ್ತೆ."

"ಇಷ್ಟೇನಾ?" ಎಂದ ಚಾಲಕ. "ಎರಡು ವರ್ಷದಿಂದ ಬೈಸಿಕೊಂಡಿದ್ದು ಇಷ್ಟಕ್ಕೇನಾ?"

ಚಾಲಕ ಹೋದ ಮೇಲೂ ಅವನು ಪರದೆಯ ಮುಂದೆ ಹಾಗೇ ಕುಳಿತಿದ್ದ. ಆಮೇಲೆ ಇನ್ನೊಂದು ಶೀಟ್ ತೆರೆದ. ಅದರ ಹೆಸರು 'ಪುಟ್ಟಿ'.

ನಾಲ್ಕು ವರ್ಷದ ಹಿಂದೆ, ಮಗಳಿಗೆ ಆರು ತುಂಬಿದಾಗ, ಅವನೂ ಅವನ ಹೆಂಡತಿಯೂ ಬೇರೆಯಾಗಿದ್ದರು. ಮಗು ತಾಯಿಯ ಹತ್ತಿರ ಇರುವುದು, ನೂರರಲ್ಲಿ ಮೂವತ್ತು ದಿನ ಅಪ್ಪನ ಹತ್ತಿರ ಬರುವುದು ಎಂದು ಒಪ್ಪಂದ. "ಲೆಕ್ಕ ನೀವೇ ಮಾಡಿ, ನಿಮಗೆ ಬರುತ್ತೆ," ಎಂದಿದ್ದಳು ಅವಳು. ಅವನು ಮಾಡಿದ್ದ. ಮೂವತ್ತೊಂದು ದಿನದ ತಿಂಗಳಿಗೆ ಒಂಬತ್ತು ಪಾಯಿಂಟ್ ಮೂರು ಬಂತು, ಫೆಬ್ರವರಿಗೆ ಎಂಟು ಪಾಯಿಂಟ್ ನಾಲ್ಕು. ಮಗುವಿನ ಮುಂದೆ ಪಾಯಿಂಟಿಗೆಲ್ಲ ಜಗ್ಗಾಡುವವನು ಎನಿಸಿಕೊಳ್ಳಬಾರದೆಂದು ಅಲ್ಲೂ ಕತ್ತರಿಸಿದ್ದ. ಆಗ ಅದು ದೊಡ್ಡತನ ಅನ್ನಿಸಿತ್ತು.

ಈಗ ನಾಲ್ಕು ವರ್ಷದ ದಿನಗಳನ್ನೆಲ್ಲ ಮೊದಲು ಕೂಡಿ, ಆಮೇಲೆ ನೂರಕ್ಕೆ ಮೂವತ್ತರಂತೆ ಗುಣಿಸಿದ. ನಾನೂರ ಮೂವತ್ತೆಂಟು ಪಾಯಿಂಟ್ ಮೂರು. ಪುಟ್ಟಿ ಬಂದದ್ದು ನಾನೂರ ಇಪ್ಪತ್ತೆಂಟು ದಿನ. ಹತ್ತು ದಿನ, ಮೇಲೆ ಏಳು ಗಂಟೆ ಹನ್ನೆರಡು ನಿಮಿಷ ಕಡಿಮೆ.

ಒಂದು ಸಲ ಅವಳು ಬಂದಾಗ ಸೈಕಲ್ಲು ಕಲಿತುಬಿಟ್ಟಿದ್ದಳು. ಇನ್ನೊಂದು ಸಲ ಬಂದಾಗ ಮುಂದಿನ ಹಲ್ಲಿರಲಿಲ್ಲ. ಬಿದ್ದ ಹಲ್ಲನ್ನು ಎಲ್ಲೋ ಕಳೆದುಕೊಂಡಿದ್ದಳು. ಹತ್ತು ದಿನದಲ್ಲಿ ಇನ್ನೂ ಏನೇನು ನಡೆದುಹೋಯಿತೋ ಎಂದು ಅವನು ಕ್ಯಾಲೆಂಡರಿನ ಹಳೆಯ ತಿಂಗಳುಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋದ.

ಆ ವಾರದ ಭಾನುವಾರ ಅವನ ಸರದಿಯಲ್ಲ. ಆದರೂ ಆ ಲೆಕ್ಕವನ್ನು ಮುದ್ರಿಸಿದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಪುಟ್ಟಿಯ ತಾಯಿ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೋದ. ಇನ್ನೂ ಗಿರಾಕಿಗಳು ಬಂದಿರಲಿಲ್ಲ. ಅವಳು ಗಾಜಿನ ಕಪಾಟು ಒರೆಸುತ್ತಿದ್ದಳು. ಹಾಳೆ ಬಿಡಿಸಿ ಓದಿದಳು, ಎರಡನೆಯ ಸಲವೂ ಓದಿದಳು.

"ನಾನು ಒಂದು ದಿನವೂ ಇಟ್ಟುಕೊಂಡಿಲ್ಲ. ನೀವು ಕೊಟ್ಟ ಪಟ್ಟಿ ಪ್ರಕಾರವೇ ಕಳ್ಸಿದೀನಿ."

"ಗೊತ್ತು. ತಪ್ಪು ನನ್ನದೇ. ನಿನ್ನ ಮೇಲೆ ತಪ್ಪು ಹೊರಿಸೋಕೆ ಬಂದಿಲ್ಲ."

"ಮತ್ತೆ?"

"ಆ ದಿನಗಳು ಬೇಕಿತ್ತು."

ಬೇರೆಯಾದ ದಿನದಿಂದ ಅವಳು ಅವನಿಗೆ 'ನೀವು' ಎನ್ನುತ್ತಿದ್ದಳು, ಗಿರಾಕಿಗೆ ಅನ್ನುವ ಹಾಗೆ. ಈಗ ಬಟ್ಟೆಯನ್ನು ಕಪಾಟಿನ ಮೇಲಿಟ್ಟು, "ಆರು ವರ್ಷದವಳ ದಿನಾನ ಎಲ್ಲಿಂದ ತಂದುಕೊಡ್ಲೋ ನಿನಗೆ?" ಎಂದಳು. ಹಾಗೆ ಅಂದದ್ದು ಅವಳಿಗೇ ಕೇಳಿಸಿರಬೇಕು. ಮುಖ ಬೇರೆ ಕಡೆ ತಿರುಗಿಸಿದಳು. "ಹತ್ತು ವರ್ಷದವಳು ಇದಾಳೆ. ಅವಳನ್ನೇ ಕೇಳಿ. ನನ್ನ ಅಡ್ಡಿ ಏನೂ ಇಲ್ಲ."

ಮಗಳು ಒಳಗಿನಿಂದ ಬಂದಳು. ಈಜುಕೊಳದಿಂದ ಆಗಷ್ಟೇ ಬಂದವಳ ಕೂದಲು ಇನ್ನೂ ಒದ್ದೆ.

"ಹತ್ತು ದಿನಾನಾ ಅಪ್ಪಾ? ಒಟ್ಟಿಗಾ?" ಅವಳ ಹುಬ್ಬು ಗಂಟಾಯಿತು. "ನನಗೆ ಬೆಳಗ್ಗೆ ಪ್ರಾಕ್ಟೀಸ್ ಇರುತ್ತಲ್ಲ. ಮುಂದಿನ ತಿಂಗಳು ರಿಲೇ ಬೇರೆ. ನಾನೇ ಕೊನೇ ಈಜುಗಾರ್ತಿ."

"ಬೇಡ ಅಂದ್ರೆ ಬೇಡ ಪುಟ್ಟೀ. ಸುಮ್ನೆ ಕೇಳ್ದೆ."

"ಬೇಡ ಅಂತ ಎಲ್ಲಿ ಅಂದೆ?" ಅವಳು ಹಾಳೆ ತೆಗೆದುಕೊಂಡು ಬೆರಳಿಟ್ಟು ಓದಿದಳು. "ಈ ಏಳು ಗಂಟೆ ಹನ್ನೆರಡು ನಿಮಿಷ ಯಾವುದು?"

"ಅದಾ? ಅದು ಚಿಲ್ಲರೆ."

"ಅದನ್ನ ಇವತ್ತೇ ಮುಗಿಸಿಬಿಡೋಣ್ವಾ? ಮಿಕ್ಕಿದ್ದು ರಿಲೇ ಆದಮೇಲೆ ನೋಡೋಣ." ಗೋಡೆಯ ಗಡಿಯಾರ ನೋಡಿದಳು. ಹತ್ತು ಗಂಟೆ. "ಅಮ್ಮಾ, ಐದು ಹನ್ನೆರಡಕ್ಕೆ ಬರ್ತೀನಿ."

"ಐದೂವರೆ ಆದ್ರೂ ಪರವಾಗಿಲ್ಲ," ಎಂದಳು ತಾಯಿ, ಅವನ ಕಡೆ ನೋಡದೆ.

ಅವರು ನಡೆದೇ ಹೋದರು. ಮುಂಚೆ ರಸ್ತೆ ದಾಟುವಾಗ ಅವಳು ತಾನಾಗಿ ಕೈ ಚಾಚುತ್ತಿದ್ದಳು. ಈಗ ಎರಡೂ ಕಡೆ ನೋಡಿ ತಾನೇ ಮುಂದೆ ದಾಟಿ, ಆಚೆ ನಿಂತು ಅವನಿಗೆ ಕಾಯುತ್ತಿದ್ದಳು. ತನ್ನ ಮನೆ ಸೇರಿದ ಮೇಲೆ ಅವಳಿಗೆ ಏನು ತೋರಿಸುವುದು, ಏನು ಆಡುವುದು ಎಂದು ಅವನಿಗೆ ತೋಚಲಿಲ್ಲ. ಪಟ್ಟಿಯಲ್ಲಿಲ್ಲದ ದಿನ, ಯಾವ ತಯಾರಿಯೂ ಇರಲಿಲ್ಲ. ಇಬ್ಬರೂ ಅನ್ನಕ್ಕಿಟ್ಟರು. ಅವಳು ರಿಲೇ ಬಗ್ಗೆ ಹೇಳಿದಳು: ತನಗಿಂತ ಮುಂಚೆ ಈಜುವವಳ ಕೈ ಗೋಡೆ ಮುಟ್ಟುವ ತನಕ ಕಾಲು ಕೀಳಬಾರದಂತೆ, ಕಾಯುವುದೇ ಕಷ್ಟವಂತೆ. ಅವನು "ಹೂಂ" ಅಂದ. ಊಟ ಮಾಡುವಾಗಲೇ ಅವಳ ಕಣ್ಣು ಎಳೆಯತೊಡಗಿತು.

"ಅಪ್ಪಾ, ಹತ್ತೇ ನಿಮಿಷ," ಎಂದು ಹೋಗಿ ಮಂಚದ ಮೇಲೆ ಬಿದ್ದುಕೊಂಡಳು.

ಅದು ಅವಳಿಗೆ ಆರು ವರ್ಷವಿದ್ದಾಗ ತಂದ ಸಣ್ಣ ಮಂಚ. ಬಂದಾಗಲೆಲ್ಲ ಅವಳು ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು, ಮುದುಡಿಕೊಂಡು ಮಲಗುತ್ತಿದ್ದಳು. ಅದು ಅವಳ ಅಭ್ಯಾಸವೆಂದೇ ಅವನು ತಿಳಿದಿದ್ದ. ಇವತ್ತು ಈಜಿ ಸುಸ್ತಾಗಿದ್ದಕ್ಕೋ ಏನೋ, ನಿದ್ದೆ ಹತ್ತಿದೊಡನೆ ನೀಳವಾಗಿ ಕಾಲು ಚಾಚಿದಳು. ಎರಡೂ ಪಾದಗಳು ಮಂಚದ ಅಂಚು ದಾಟಿ ಹೊರಗೆ ಚಾಚಿಕೊಂಡವು.

ಹತ್ತು ನಿಮಿಷವಾಯಿತು, ಅರ್ಧ ಗಂಟೆಯೂ ಆಯಿತು. ಅವನು ಎಬ್ಬಿಸಲಿಲ್ಲ. ಅಡುಗೆಮನೆಯಿಂದ ಸ್ಟೂಲನ್ನು ಸದ್ದಾಗದಂತೆ ಎತ್ತಿ ತಂದು ಮಂಚದ ಕೊನೆಗೆ ಒತ್ತಿ ಇಟ್ಟ. ತನ್ನ ದಿಂಬನ್ನು ಅದರ ಮೇಲಿಟ್ಟು, ಅವಳ ಪಾದಗಳನ್ನು ಒಂದೊಂದಾಗಿ ಎತ್ತಿ ಅದರ ಮೇಲೆ ಇಳಿಸಿದ.